ಎಲ್ಮನ್‌ನ ಟ್ರಂಪೆಟ್ಟಿನೊಳಗೆ ಒಂದು ಮದುವೆಮನೆ

ಝಿಗ್ಗಿ ಎಲ್ಮನ್ ಅಂದರೆ ಜಾಝ್ ಕೇಳುವವರೂ ಒಂದು ಗಳಿಗೆ ತಡವರಿಸುತ್ತಾರೆ. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಕಟ್ಟಿದ ಜಾಝ್ ಬ್ಯಾಂಡಿನಲ್ಲಿ ಹ್ಯಾರಿ ಜೇಮ್ಸ್ ಜೊತೆ ಟ್ರಂಪೆಟ್ ಸಾಲಿನಲ್ಲಿ ಕೂರುತ್ತಿದ್ದವನು ಅಂದರೆ 'ಓ, ಅವನಾ' ಅನ್ನುತ್ತಾರೆ. 'ಆ್ಯಂಡ್ ದಿ ಏಂಜಲ್ಸ್ ಸಿಂಗ್' ಹಾಡಿನ ಟ್ರಂಪೆಟ್ ಅವನದೇ ಅಂದಾಗ ಮುಖ ಅರಳುತ್ತದೆ. 1939ರ ಫೆಬ್ರುವರಿಯಲ್ಲಿ ರೆಕಾರ್ಡ್ ಆಗಿ ಅದೇ ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಅದು. ಮಾರ್ಥಾ ಟಿಲ್ಟನ್ ಹಾಡಿ ಮುಗಿಸುತ್ತಾಳೆ. ಬ್ಯಾಂಡ್ ಇದ್ದಕ್ಕಿದ್ದ ಹಾಗೆ ನಡಿಗೆ ಬದಲಿಸುತ್ತದೆ. ಕೋಟು ಟೈ ಹಾಕಿ ಕೂತಿದ್ದವನು ಕುರ್ಚಿ ಸರಿಸಿ ಎದ್ದು ಕುಣಿಯತೊಡಗಿದ ಹಾಗೆ ಟ್ರಂಪೆಟ್ ಸೀದಾ ಯಹೂದಿ ಮದುವೆಮನೆಗೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೇನೋ ಅನ್ನುವಂತೆ ವಾಪಸ್ ಸ್ವಿಂಗ್, ಅಂದರೆ ಆ ಕಾಲದ ಕುಣಿತದ ಜಾಝ್ ನಡೆ.

ಎಲ್ಮನ್ ತೀರಿಕೊಂಡಿದ್ದು 1968ರಲ್ಲಿ, 54ನೇ ವಯಸ್ಸಿಗೆ. ಅವನ ನೆನಪಿಗೆಂದು ಈ ಹಾಡನ್ನು ಈಗಲೂ ಬಿಗ್ ಬ್ಯಾಂಡ್‌ಗಳು ನುಡಿಸುತ್ತವೆ. ನನ್ನ ತಕರಾರು ಆ ಮದುವೆಮನೆಯ ತುಣುಕಿನ ಬಗ್ಗೆ. ಬಹುತೇಕರು ಅದನ್ನು ಮಿಮಿಕ್ರಿಯ ಹಾಗೆ ನುಡಿಸುತ್ತಾರೆ. ಸ್ವರಗಳೆಲ್ಲ ಸರಿಯಾಗಿಯೇ ಇರುತ್ತವೆ, ಉಚ್ಚಾರ ಕೆಟ್ಟಿರುತ್ತದೆ. ಹುಬ್ಬು ಹಾರಿಸಿ, ಒಂದಿಷ್ಟು ಎಳೆದು, ಸಭಿಕರಿಗೆ ಕಣ್ಣು ಹೊಡೆದು ಮುಗಿಸುತ್ತಾರೆ. ಎಲ್ಮನ್‌ನ ಯಹೂದಿ ಸಂಗೀತವನ್ನು ಉಳಿಸುವ ಮನಸ್ಸಿದ್ದರೆ ಈ ಹಾಡಿಗೆ ಜಾಝ್ ಬಾಗಿಲಿಂದ ಬರಬಾರದು, ಹಿತ್ತಲ ಬಾಗಿಲಿಂದ ಬರಬೇಕು. ಹಿತ್ತಲಲ್ಲಿರುವುದು ಬುಲ್ಗರ್ ಅನ್ನುವ ಯಹೂದಿ ಮದುವೆಮನೆಯ ಕುಣಿತ.

ಮೊದಲು ವಂಶಾವಳಿ ಸ್ವಲ್ಪ. ಅವನ ನಿಜ ಹೆಸರು ಹ್ಯಾರಿ ಆರನ್ ಫಿಂಕಲ್‌ಮನ್. 1914ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ ಅಟ್ಲಾಂಟಿಕ್ ಸಿಟಿಯಲ್ಲಿ ಬೆಳೆದವನು. ಅಪ್ಪ ಯಹೂದಿ ಪ್ರಾರ್ಥನಾ ಮಂದಿರದ ಗಾಯಕರು, ಮಗ ಪಿಟೀಲು ಹಿಡಿಯಲಿ ಅಂತ ಅವರ ಆಸೆ. ಮಗ ಹಿಡಿದದ್ದು ಹಿತ್ತಾಳೆ. ಹದಿಹರೆಯದಲ್ಲೇ ಯಹೂದಿ ಮದುವೆಗಳಲ್ಲಿ ನುಡಿಸಿ ಕೈ ಪಳಗಿತ್ತು. 1936ರಲ್ಲಿ ಗುಡ್‌ಮನ್ ಬ್ಯಾಂಡ್ ಸೇರಿದ. 1938ರ ಡಿಸೆಂಬರಿನಲ್ಲಿ ಬ್ಲೂಬರ್ಡ್ ಕಂಪನಿಗೆ ತನ್ನದೇ ಹೆಸರಿನ ಬ್ಯಾಂಡ್ ಕಟ್ಟಿ 'ಫ್ರಾಲಿಖ್ ಇನ್ ಸ್ವಿಂಗ್' ಎಂಬ ಗ್ರಾಮಫೋನ್ ತಟ್ಟೆ ಮಾಡಿದ. ಪೂರ್ವ ಯುರೋಪಿನ ಯಹೂದಿಗಳ ಮಾತು ಯಿಡ್ಡಿಶ್‌ನಲ್ಲಿ ಫ್ರೈಲೆಖ್ ಅಂದರೆ ಖುಷಿಯದು, ಕುಣಿತದ್ದು. ಅದಕ್ಕೆ ಜಾನಿ ಮರ್ಸರ್ ಇಂಗ್ಲಿಷ್ ಸಾಹಿತ್ಯ ಬರೆದ ಮೇಲೆ 'ಏಂಜಲ್ಸ್' ಆಯಿತು. ಆದರೆ ಧಾಟಿ ಇನ್ನೂ ಹಳೆಯದು. 'ಡೆರ್ ಷ್ಟಿಲರ್ ಬುಲ್ಗರ್', ಅಂದರೆ ಮೆಲ್ಲನೆಯ ಬುಲ್ಗರ್ ಎಂಬ ಹೆಸರಿನಲ್ಲಿ ಏಬ್ ಶ್ವಾರ್ಟ್ಸ್‌ನ ಆರ್ಕೆಸ್ಟ್ರಾ ಅದನ್ನು 1918ರಲ್ಲೇ ಕೊಲಂಬಿಯಾ ಕಂಪನಿಗೆ ನುಡಿಸಿತ್ತು. ಅಂದರೆ ಧಾಟಿ ಮದುವೆಮನೆಯಿಂದ ತಟ್ಟೆಗೆ, ತಟ್ಟೆಯಿಂದ ಸ್ವಿಂಗಿಗೆ, ಸ್ವಿಂಗಿನಿಂದ ರೇಡಿಯೋಗೆ ಇಪ್ಪತ್ತು ವರ್ಷದಲ್ಲಿ ನಡೆದುಬಂತು.

ಇಲ್ಲಿ ಕರ್ನಾಟಕ ಸಂಗೀತ ಬಲ್ಲವರಿಗೊಂದು ಮಾತು. ಕ್ಲೆಜ್ಮರ್ (ಯಹೂದಿ ಮದುವೆಮನೆಯ ಈ ವಾದ್ಯಸಂಗೀತದ ಹೆಸರು) ಕೇಳಿದ ಕೂಡಲೇ 'ಅರೆ, ಇದು ಮಾಯಾಮಾಳವಗೌಳ' ಅನ್ನುವವರು ನಮ್ಮಲ್ಲಿ ಬಹಳ. ಬೀದಿ ಸರಿ, ಮನೆ ತಪ್ಪು. ಯಹೂದಿ ಸಂಗೀತಗಾರರು ಫ್ರೈಗಿಷ್ ಅನ್ನುವ ಸ್ವರಸಾಲಿನಲ್ಲಿ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತದ ಜೊತೆಗೆ ಬರುವುದು ಕೈಶಿಕಿ ನಿಷಾದ. ಅದು 14ನೇ ಮೇಳ, ವಕುಳಾಭರಣ. ಇನ್ನೊಂದು ಸಾಲಿಗೆ ಮಿಶೆಬೇರಖ್ ಅನ್ನುತ್ತಾರೆ. ಅದರ ಸ್ವರಗಳು 58ನೇ ಮೇಳ ಹೇಮವತಿಯವು. ಸ್ವರ ಹೊಂದಿತು ಅಂತ ರಾಗವೂ ಒಂದೇ ಅಂದುಕೊಳ್ಳಬೇಡಿ, ಸಂಚಾರ ಬೇರೆ. ಫ್ರೈಗಿಷ್‌ನಲ್ಲಿ ಷಡ್ಜದಿಂದ ಕೆಳಗಿಳಿದಾಗ ಧೈವತ ಎಷ್ಟೋ ಸಲ ಮೇಲಿನದಾಗುತ್ತದೆ.

ಇಷ್ಟು ಹೇಳಿದ್ದು ಯಾಕೆಂದರೆ, ಎಲ್ಮನ್ ಹಾಡಿಗೆ ಇದ್ಯಾವುದೂ ಕೀಲಿಕೈ ಅಲ್ಲ! 'ಏಂಜಲ್ಸ್' ಮೇಜರ್ ಸ್ಕೇಲಿನ ಹಾಡು, ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳು. ಬುಲ್ಗರ್‌ಗಳಲ್ಲಿ ಮೇಜರ್ ಅಪರೂಪವೇನಲ್ಲ. 'ಯಹೂದಿ ಸಂಗೀತ ಅಂದರೆ ಆ ಅಳುವ ಸ್ಕೇಲ್' ಅಂದುಕೊಂಡ, ಬ್ಯಾಂಡಿಗೆ ಹಾಡು ಹೊಂದಿಸಿಕೊಡುವ ಅರೇಂಜರ್‌ಗಳು ಈ ತುಣುಕಿಗೆ ಶುದ್ಧ ರಿಷಭವನ್ನು ತುರುಕಿ 'ಇನ್ನಷ್ಟು ಯಹೂದಿ' ಮಾಡಲು ಹೋಗುತ್ತಾರೆ. ಸಾಂಬಾರಿಗೆ ಹುಳಿ ಸಾಕಾಗಲಿಲ್ಲ ಅಂತ ಪಾಯಸಕ್ಕೂ ಹಿಂಡಿದ ಹಾಗೆ. ಧಾಟಿಯ ಯಹೂದಿತನ ಇರುವುದು ಎರಡು ಕಡೆ: ಸ್ವರದ ಬಾಲದಲ್ಲಿ ಮತ್ತು ಕಾಲಿನಲ್ಲಿ.

ಬಾಲದ ವಿಷಯ ಮೊದಲು. ಕ್ಲೆಜ್ಮರ್ ನುಡಿಸುವವರ ಬಾಯಲ್ಲಿ ದಿನಾ ಬರುವ ಒಂದು ಪದ ಕ್ರೆಖ್ಟ್ಸ್. ನರಳು, ಬಿಕ್ಕು ಅಂತ ಅರ್ಥ. ಬಿಕ್ಕಿ ಅಳುವಾಗ ಉಸಿರು ಒಂದು ಚೂರು ಮೇಲಕ್ಕೆ ಜಿಗಿದು ಪಟ್ಟನೆ ತುಂಡಾಗುತ್ತದಲ್ಲ, ಅದೇ. ಯಹೂದಿ ಪ್ರಾರ್ಥನಾ ಮಂದಿರದ ಗಾಯಕನ ಗಂಟಲಿನಿಂದ ಪಿಟೀಲಿಗೆ, ಅಲ್ಲಿಂದ ಕ್ಲಾರಿನೆಟ್ಟಿಗೆ ಬಂದ ವರಸೆ. ಟ್ರಂಪೆಟ್ಟಿನಲ್ಲಿ ಹೀಗೆ ಅಭ್ಯಾಸ ಮಾಡಬೇಕು. ಒಂದು ಸ್ವರವನ್ನು ನಾಲ್ಕು ಎಣಿಕೆ ಹಿಡಿಯಿರಿ. ನಾಲ್ಕನೇ ಎಣಿಕೆಯ ಕೊನೆಯಲ್ಲಿ ಗಾಳಿ ಹರಿಯುತ್ತಿರುವಾಗಲೇ ವಾಲ್ವನ್ನು ಪೂರ್ತಿ ಇಳಿಸದೆ ಅರ್ಧಕ್ಕೆ ಒತ್ತಿ. ಮೇಲಿನ ಸ್ವರ ಬಂತೋ ಇಲ್ಲವೋ ಅನ್ನುವಷ್ಟು ಮಿಂಚಬೇಕು. ಆ ಕ್ಷಣಕ್ಕೇ ಗಂಟಲಲ್ಲಿ ಗಾಳಿ ತಡೆಯಿರಿ. ಒಂದು ಸಣ್ಣ ಮೌನ. ಆಮೇಲೆ ಮುಂದಿನ ಸ್ವರ, ಸರಿಯಾಗಿ ತಾಳದ ಮೇಲೆ.

ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ಜಾಝ್ ಅಥವಾ ಶಾಸ್ತ್ರೀಯ ಪಾಶ್ಚಾತ್ಯದಲ್ಲಿ ಪಳಗಿದವರಿಗೆ ಸ್ಟಾಫ್ ನೊಟೇಶನ್ನಿನಲ್ಲಿ ಒಂದು ಸಣ್ಣ ಸ್ವರ ಕಂಡರೆ ಅದು ಮುಂದಿನ ಸ್ವರಕ್ಕೆ ಅಂಟಿದ್ದು ಅನ್ನುವ ಅಭ್ಯಾಸ. ಕ್ರೆಖ್ಟ್ಸ್ ಹಿಂದಿನ ಸ್ವರಕ್ಕೆ ಸೇರಿದ್ದು. ಅದನ್ನು ಮುಂದಕ್ಕೆ ಅಂಟಿಸಿದರೆ ಬಿಕ್ಕು ಹೋಗಿ ಬಿಕ್ಕಳಿಕೆ ಆಗುತ್ತದೆ, ಕೇಳುವವರಿಗೆ ನಗು ಬರುತ್ತದೆ. ಮಿಮಿಕ್ರಿ ಅಂದೆನಲ್ಲ, ಅದು ಹುಟ್ಟುವುದು ಇಲ್ಲಿ. ಎರಡನೇ ತಪ್ಪು: ಮೌನದ ನಂತರದ ಸ್ವರಕ್ಕೆ ತಡವಾಗುವುದು. ಅಲಂಕಾರಕ್ಕೆ ಹಿಡಿದ ಹೊತ್ತನ್ನು ಹಿಂದಿನ ಸ್ವರದಿಂದ ಕಡಿಯಬೇಕು, ಮುಂದಿನದರಿಂದಲ್ಲ. ಮೂರನೆಯದು ಅತಿ. ಎಂಟು ಬಾರ್‌ಗೆ, ಅಂದರೆ ಎಂಟು ತಾಳದ ಸುತ್ತಿಗೆ, ಎರಡು ಮೂರು ಬಿಕ್ಕು ಸಾಕು. ಮಿಕ್ಕ ಜಾಗಕ್ಕೆ ಡ್ರೈಡಲ್ ಅನ್ನುವ ಸುತ್ತು, ಟ್ರಿಲ್, ಜಾರು ಇವೆ. ಒಂದೇ ಸಾಲನ್ನು ಎರಡನೇ ಸಲ ನುಡಿಸುವಾಗ ಅಲಂಕಾರದ ಜಾಗ ಬದಲಾಗಬೇಕು. ಎರಡು ಸಲವೂ ಒಂದೇ ಥರ ಬಂತು ಅಂದರೆ ಅದು ಉರುಹೊಡೆದದ್ದು ಅಂತ ಗೊತ್ತಾಗಿಬಿಡುತ್ತದೆ.

ಈಗ ಕಾಲು. ಬುಲ್ಗರ್ ಬೆಸರೇಬಿಯಾ (ಇವತ್ತಿನ ಮಾಲ್ಡೋವಾ ಆಸುಪಾಸು) ಕಡೆಯಿಂದ ಬಂದ ಕುಣಿತ. ಅಮೆರಿಕದ ಯಹೂದಿ ಮದುವೆಗಳಲ್ಲಿ ಅದು ಮಿಕ್ಕ ಕುಣಿತಗಳನ್ನೆಲ್ಲ ಬದಿಗೆ ಸರಿಸಿ ಮೆರೆದಿದ್ದರಲ್ಲಿ, 1921ರಲ್ಲಿ ಯುಕ್ರೇನಿನಿಂದ ನ್ಯೂಯಾರ್ಕಿಗೆ ಬಂದಿಳಿದ ಕ್ಲಾರಿನೆಟ್ ಮಾಂತ್ರಿಕ ಡೇವ್ ಟಾರಸ್‌ನ ಪಾಲು ದೊಡ್ಡದು. ಪಕ್ಕವಾದ್ಯದ ನಡೆ ಎಂಟು ಅಕ್ಷರ, ಮೂರು-ಮೂರು-ಎರಡು. ಬಾಯಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ. ನಮ್ಮವರಿಗೆ ಇದನ್ನು ಕಲಿಸಬೇಕಾದ್ದೇ ಇಲ್ಲ. ಕಷ್ಟ ಇರುವುದು ಮೇಲೆ ಓಡುವ ಧಾಟಿಯಲ್ಲಿ. ಅದು ಒಂದು ಗಳಿಗೆ ಎರಡೆರಡು ಸ್ವರವಾಗಿ, ಇನ್ನೊಂದು ಗಳಿಗೆ ಮೂರು ಮೂರಾಗಿ ಹೋಗುತ್ತದೆ. ಸ್ವಿಂಗ್ ನುಡಿಸುವವನು ಎರಡೆರಡು ಸ್ವರವನ್ನು ಸಮಪಾಲು ಮಾಡುವುದಿಲ್ಲ. ಮೊದಲನೆಯದಕ್ಕೆ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು, ಎರಡನೆಯದಕ್ಕೆ ಒಂದು. ಅಂದರೆ ಅವನ 'ಎರಡು' ಕೂಡ ಒಳಗೊಳಗೇ 'ಮೂರು'. ಇದನ್ನು ಬುಲ್ಗರ್‌ಗೆ ತಂದರೆ ಎರಡಕ್ಕೂ ಮೂರಕ್ಕೂ ಇರುವ ಅಂತರ ಅಳಿಸಿಹೋಗಿ ಧಾಟಿ ಜೊಳ್ಳಾಗುತ್ತದೆ. ಎಲ್ಮನ್‌ನ ಜಾಣತನ ಇದ್ದದ್ದು ಈ ಎರಡು ನಡೆಗಳನ್ನು ಕಲಸದೆ ಪಕ್ಕಪಕ್ಕ ಇಟ್ಟಿದ್ದರಲ್ಲಿ. ಒಂದರಿಂದ ಇನ್ನೊಂದಕ್ಕೆ ಹೊಸಿಲು ದಾಟಿದ್ದು ಕೇಳಿಸಬೇಕು.

ತಂಡಕ್ಕೆ ನಾಲ್ಕು ಜನ ಸಾಕು: ಟ್ರಂಪೆಟ್ ಅಥವಾ ಕ್ಲಾರಿನೆಟ್, ಅಕಾರ್ಡಿಯನ್ ಅಥವಾ ಪಿಯಾನೋ, ಬೇಸ್, ಡ್ರಮ್ಸ್. ಬೇಸ್ ಒಂದನೇ ಮತ್ತು ಐದನೇ ಅಕ್ಷರದ ಮೇಲೆ ಮಾತ್ರ ಬೀಳಲಿ. ಜಾಝ್‌ನ ಹಾಗೆ ಪ್ರತಿ ಬೀಟಿಗೂ ಮೆಟ್ಟಿಲು ಹತ್ತಿ ಇಳಿಯುವುದು ಬೇಡ. ಅಕಾರ್ಡಿಯನ್ ನಡುನಡುವಿನ ಎದುರೆತ್ತಿಗೆ ಸ್ವರಮೇಳ ಕೊಡಲಿ, ಏಳು ಒಂಬತ್ತು ಸೇರಿಸಿದ ದಪ್ಪ ಜಾಝ್ ಕಾರ್ಡ್‌ಗಳು ಬೇಡ, ಮೂರು ಸ್ವರದ್ದು ಸಾಕು. ಡ್ರಮ್ಮರ್ ಹೈಹ್ಯಾಟಿನಿಂದ ಕಾಲು ತೆಗೆಯಲಿ. ಸ್ನೇರ್ ಮೇಲೆ ಅಥವಾ ಮರದ ತುಂಡಿನ ಮೇಲೆ ತಕಿಟ ತಕಿಟ ತಕ, ಅಷ್ಟೇ. ಶ್ರುತಿಯ ಗಲಾಟೆಯೊಂದಿದೆ. ಕ್ಲೆಜ್ಮರ್ ಧಾಟಿಗಳಿಗೆ ಪಿಟೀಲಿನ ಖಾಲಿ ತಂತಿ ಸಿಗುವ ಡಿ, ಜಿ ಮನೆಗಳು (ಕೀಗಳು) ಒಗ್ಗುತ್ತವೆ. ಬಿಗ್ ಬ್ಯಾಂಡ್ ಹಿತ್ತಾಳೆಗೆ ಬಿ-ಫ್ಲ್ಯಾಟ್, ಇ-ಫ್ಲ್ಯಾಟ್ ಆರಾಮ. ತಂಡದಲ್ಲಿ ಪಿಟೀಲಿದ್ದರೆ ಟ್ರಂಪೆಟ್ಟಿನವನೇ ಕಷ್ಟಪಡಲಿ. ಟ್ರಂಪೆಟ್ಟಿಗೆ ಒಂದು ಸ್ವರ ಮೇಲೆ ಬರೆದುಕೊಳ್ಳಬೇಕಾದ್ದರಿಂದ ಡಿ ಮನೆಯ ಧಾಟಿ ಅವನಿಗೆ ಇ ಆಗಿ ಬರುತ್ತದೆ. ಬೆರಳು ಎರಡು ವಾರ ಗೊಣಗುತ್ತವೆ, ಆಮೇಲೆ ಸುಮ್ಮನಾಗುತ್ತವೆ.

ಕಲಿಯುವ ಕ್ರಮದ ಬಗ್ಗೆ ನಾನು ಸ್ವಲ್ಪ ಹಟಮಾರಿ. ಕಾಗದ ಕೊನೆಗೆ. ಮೊದಲು 1918ರ ತಟ್ಟೆಯನ್ನು ಅರ್ಧ ವೇಗದಲ್ಲಿ ಹಾಕಿಕೊಂಡು ಬಾಯಲ್ಲಿ ಹಾಡಬೇಕು. ಅಲಂಕಾರವಿಲ್ಲದೆ ಒಂದು ಸಲ, ಆಮೇಲೆ ಅಲಂಕಾರದ ಜೊತೆ. ನಂತರ ವಾದ್ಯ. ಅದಾದ ಮೇಲೆ 1938ರ ಎಲ್ಮನ್, ಕೊನೆಗೆ 1939ರ ಗುಡ್‌ಮನ್. ಉಲ್ಟಾ ಹೋದವರಿಗೆ ಎಲ್ಮನ್ ಏನನ್ನು ಬಿಟ್ಟ, ಏನನ್ನು ಸೇರಿಸಿದ ಅನ್ನುವುದೇ ಗೊತ್ತಾಗುವುದಿಲ್ಲ. ಹಾಗಂತ ತಟ್ಟೆಯಲ್ಲಿ ಇರುವುದೇ ಪೂರ್ತಿ ಅಂದುಕೊಳ್ಳಲೂಬಾರದು. ಹತ್ತಿಂಚಿನ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ಮೂರು ನಿಮಿಷದಷ್ಟು. ಮದುವೆಯಲ್ಲಿ ಕುಣಿಯುವವರ ಕಾಲು ಸೋಲುವವರೆಗೆ ಒಂದು ಧಾಟಿಗೆ ಇನ್ನೊಂದು ಪೋಣಿಸಿಕೊಂಡು ಹೋಗುತ್ತಿದ್ದರು. ಇನ್ನೂ ಒಂದು ಕೊರತೆ: ಮೈಕ್ ಬರುವ ಮುಂಚಿನ ಆ ಕಾಲದಲ್ಲಿ ಕೊಂಬಿನ ಮುಂದೆ ನುಡಿಸಿದ ಶಬ್ದವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀಟು ಕೊರೆಯುತ್ತಿತ್ತು. ದೊಡ್ಡ ಡ್ರಮ್ ಹೊಡೆದರೆ ಸೂಜಿ ಎಗರುವ ಭಯ. ಹಾಗಾಗಿ ಅದನ್ನು ಹೊರಗಿಡುತ್ತಿದ್ದರು ಅಥವಾ ಮೆಲ್ಲಗೆ ಮುಟ್ಟಿಸುತ್ತಿದ್ದರು. ತಟ್ಟೆಯಲ್ಲಿ ಕೇಳಿಸಲಿಲ್ಲ ಅಂತ ಡ್ರಮ್ ಬಿಟ್ಟವರು ಮದುವೆಯನ್ನೇ ಬಿಟ್ಟ ಹಾಗೆ.

ತಟ್ಟೆಗಳ ಮಾತು ಬಂತಲ್ಲ, ಯಾರ ಮನೆಯ ಅಟ್ಟದಲ್ಲಾದರೂ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿದ್ದರೆ (ಯಹೂದಿ ಸಂಗೀತದ್ದೇ ಆಗಬೇಕಿಲ್ಲ, ನಮ್ಮ ನಾಟಕ ಕಂಪನಿಗಳದ್ದಾದರೂ ಇದೇ ಮಾತು) ಸ್ಪಿರಿಟ್ ಹಾಕಿ ಒರೆಸಬೇಡಿ. ಅವು ಅರಗಿನ ತಟ್ಟೆಗಳು, ಸ್ಪಿರಿಟ್‌ಗೆ ಕರಗುತ್ತವೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಶ್, ಲೇಬಲ್ ನೆನೆಯದ ಹಾಗೆ ತೊಳೆದು ತಕ್ಷಣ ಒಣಗಿಸುವುದು. ಸೂಜಿ ಸುಮಾರು 76 ಮೈಕ್ರಾನಿನದು ಬೇಕು. ಆಮೇಲೆ ಬಂದ ಎಲ್‌ಪಿ ತಟ್ಟೆಯ ಸೂಜಿ ಅದರ ಮೂರನೇ ಒಂದು ಪಾಲೂ ಇರುವುದಿಲ್ಲ. ಅದು ಗೀಟಿನ ತಳಕ್ಕೆ ಬಿದ್ದು ಧೂಳನ್ನಷ್ಟೇ ಓದುತ್ತದೆ. ತಟ್ಟೆಯ ಸದ್ದನ್ನು ದೊಡ್ಡದು ಮಾಡುವ ಮಾಮೂಲಿ ಫೋನೋ ಪ್ರೀಆ್ಯಂಪ್ ಎಲ್‌ಪಿಗೆಂದು 10,000 ಹರ್ಟ್ಸ್‌ನಲ್ಲಿ ಸುಮಾರು 13.7 ಡೆಸಿಬಲ್ ಕತ್ತರಿಸುತ್ತದೆ. 1925ಕ್ಕೂ ಹಿಂದಿನ ತಟ್ಟೆಗೆ ಅಂಥ ಲೆಕ್ಕವೇ ಇರಲಿಲ್ಲ, ಏನೂ ಕತ್ತರಿಸದೆ ಫ್ಲ್ಯಾಟ್ ಆಗಿಯೇ ತೆಗೆಯಬೇಕು.

ವೇಗದ ಗೊಂದಲ ಬೇರೆ. 78 ಅನ್ನುವುದು ಹೆಸರಿಗೆ. ಕೊಲಂಬಿಯಾದ ಆ ಕಾಲದ ತಟ್ಟೆಗಳು ಬಹಳಷ್ಟು 80ರ ಆಸುಪಾಸಿನವು. 80ರದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು 44 ಸೆಂಟ್, ಅಂದರೆ ಹತ್ತಿರಹತ್ತಿರ ಅರ್ಧ ಸ್ವರಸ್ಥಾನ ಕೆಳಗೆ ಬೀಳುತ್ತದೆ. ನಿಮ್ಮ ವಾದ್ಯ ಕೂಡುತ್ತಿಲ್ಲ, ಯಾವ ಮನೆಯಲ್ಲಿದೆ ಅಂತ ತಿಳಿಯುತ್ತಿಲ್ಲ ಅಂದರೆ 'ಹಳೆಯ ಕಾಲದ ಶ್ರುತಿಯೇ ಹಾಗಿತ್ತು' ಅಂತ ಸಮಾಧಾನ ಮಾಡಿಕೊಳ್ಳುವ ಮೊದಲು ವೇಗ ತಿದ್ದಿ ನೋಡಿ.

ಇಲ್ಲಿ ಮಾಡಬಾರದ ದೊಡ್ಡ ತಪ್ಪು ಇನ್ನೊಂದು. ಕರಕರ ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಕ್ರೆಖ್ಟ್ಸ್ ಕೂಡ ಕರಕರವೇ. ಪಟ್ಟನೆ ಎದ್ದು ಪಟ್ಟನೆ ಸಾಯುವ ಶಬ್ದ ಕಂಡರೆ ಅದು ಗೀರು ಅಂತ ತಿಳಿದು ತಿಂದುಹಾಕಬಹುದು. 'ಸ್ವಚ್ಛಗೊಳಿಸಿದ' ಆವೃತ್ತಿ ಕೇಳಿ ಕಲಿತವರ ನುಡಿಕೆ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿರುವುದಕ್ಕೆ ಇದೂ ಒಂದು ಕಾರಣ. ಏನೂ ಮುಟ್ಟದ ಮೂಲ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಟ್ಟುಕೊಂಡು, ತೊಳೆದದ್ದನ್ನು ಬೇರೆ ಫೈಲ್ ಮಾಡಿ.

ಹಕ್ಕುಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯೂಟ್ಯೂಬ್‌ಗೆ ಹಾಕಿ ಆಮೇಲೆ ಪೇಚಾಡುವವರಿಗೆ. ಅಮೆರಿಕದ 2018ರ ಕಾನೂನಿನ ಪ್ರಕಾರ 1923ಕ್ಕೂ ಮುಂಚಿನ ಧ್ವನಿಮುದ್ರಣಗಳು 2022ರ ಜನವರಿ 1ರಿಂದ ಎಲ್ಲರ ಸೊತ್ತು. ಹಾಗಾಗಿ ಶ್ವಾರ್ಟ್ಸ್‌ನ ಬುಲ್ಗರ್ ಅಲ್ಲಿ ಮುಕ್ತ. 1923ರಿಂದ 1946ರ ತಟ್ಟೆಗಳಿಗೆ ನೂರು ವರ್ಷ, ಅಂದರೆ 1939ರ 'ಏಂಜಲ್ಸ್' ತಟ್ಟೆಗೆ 2040ರ ತನಕ ಕಾಯಬೇಕು. ಭಾರತದಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ ಮಾತ್ರ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ ಅನ್ನುವುದು ನೆನಪಿರಲಿ. ಕಛೇರಿಯಲ್ಲಿ ಬುಲ್ಗರ್ ನುಡಿಸಿ 'ಏಂಜಲ್ಸ್' ಅಂತ ಹೆಸರು ಹಾಕಿದರೆ ಎಲ್ಮನ್-ಮರ್ಸರ್ ಹಾಡಿಗೆ ಸಲ್ಲಬೇಕಾದ ರಾಯಲ್ಟಿಯ ಪ್ರಶ್ನೆ ಏಳುತ್ತದೆ. ಹೆಸರು ಹಾಕುವ ಪ್ರಾಮಾಣಿಕ ಕ್ರಮ: ಧಾಟಿ ಯಹೂದಿ ಸಾಂಪ್ರದಾಯಿಕ, ಇಂಥವರ 1918ರ ನುಡಿಕೆಯಿಂದ, ಸ್ವಿಂಗ್ ರೂಪ ಎಲ್ಮನ್, ಸಾಹಿತ್ಯ ಮರ್ಸರ್. ಹಾಡಿನ ಲೇಬಲ್ಲಿನಲ್ಲಿ ಬುಲ್ಗರ್ ಸುಳಿವೇ ಇಲ್ಲದೆ ಹೋಯಿತು ಅನ್ನುವುದು ಆ ಕಾಲದ ರಿವಾಜು. ಶೊಲೊಮ್ ಸೆಕುಂಡಾ 1932ರಲ್ಲಿ ಯಿಡ್ಡಿಶ್ ನಾಟಕಕ್ಕೆಂದು ಸ್ವರ ಹಾಕಿದ 'ಬೈ ಮಿರ್ ಬಿಸ್ತು ಶೇನ್' ಹಾಡಿನ ಹಕ್ಕು ಕೈಬಿಟ್ಟದ್ದು 30 ಡಾಲರಿಗೆ. ಅದನ್ನೇ 1938ರ ಜನವರಿ 16ರಂದು ಕಾರ್ನೆಗಿ ಹಾಲ್‌ನಲ್ಲಿ ಗುಡ್‌ಮನ್ ಬ್ಯಾಂಡ್ ನುಡಿಸಿದಾಗಲೂ ನಡುವೆ ಫ್ರೈಲೆಖ್ ತುರುಕಿದವನು ಎಲ್ಮನ್. ಇವತ್ತು ಆ ಅನ್ಯಾಯವನ್ನು ಸರಿಮಾಡಲು ಆಗದಿದ್ದರೂ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲು ಖರ್ಚೇನೂ ಇಲ್ಲ.

ಜಾಝ್ ಮತ್ತು ಯಹೂದಿ ಧಾಟಿ ಕೂಡಿಸಿದ ಬೇರೆಯವರ ಕೆಲಸವನ್ನು ಇದರ ಪಕ್ಕ ಇಟ್ಟು ನೋಡಬೇಕು. ಡ್ರಮ್ಮರ್ ಶೆಲ್ಲಿ ಮ್ಯಾನ್ 1962ರಲ್ಲಿ, ವೈಬ್ರಫೋನಿನ ಟೆರ್ರಿ ಗಿಬ್ಸ್ 1963ರಲ್ಲಿ ಒಂದೊಂದು ಆಲ್ಬಂ ಮಾಡಿದರು. ಗಿಬ್ಸ್‌ನದರಲ್ಲಿ ಪಿಯಾನೋ ನುಡಿಸಿದ ಆ್ಯಲಿಸ್ ಮ್ಯಾಕ್ಲಿಯಡ್ ಮುಂದೆ ಆ್ಯಲಿಸ್ ಕೋಲ್ಟ್ರೇನ್ ಆಗಿ, ಸತ್ಯ ಸಾಯಿಬಾಬಾ ಭಕ್ತೆಯಾಗಿ ಭಜನೆ ಹಾಡಿದವಳು ಅನ್ನುವುದು ಬೇರೆ ಕತೆ. ಎರಡೂ ಸೊಗಸಾದ ಜಾಝ್, ಆದರೆ ಬುಲ್ಗರ್‌ನ ಕಾಲು ಅಲ್ಲಿ ಕಡಿಮೆ. ನನ್ನ ಲೆಕ್ಕದಲ್ಲಿ ಎಲ್ಮನ್‌ಗೆ ಹತ್ತಿರದ ಅಣ್ಣತಮ್ಮ ಸ್ಯಾಮ್ ಮ್ಯೂಸಿಕರ್. ಡ್ರಮ್ಮರ್ ಜೀನ್ ಕ್ರೂಪಾನ ಸ್ವಿಂಗ್ ಬ್ಯಾಂಡಿನಲ್ಲಿ ನುಡಿಸಿದವನು, ಡೇವ್ ಟಾರಸ್‌ನ ಅಳಿಯ. ಮಾವ, ತಮ್ಮ ರೇ ಜೊತೆ ಸೇರಿ 1955ರಲ್ಲಿ 'ಟಾಂಟ್ಸ್!' ಅನ್ನುವ ಎಲ್‌ಪಿ ಮಾಡಿದ. ಆಗ ಯಾರೂ ಕೊಳ್ಳಲಿಲ್ಲ. ಸ್ವಿಂಗ್ ಬ್ಯಾಂಡಿನ ಅರೇಂಜ್‌ಮೆಂಟು ಬುಲ್ಗರ್‌ನ ಉಚ್ಚಾರವನ್ನು ಕೆಡಿಸದೆ ಹೇಗೆ ನಿಲ್ಲಬಹುದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಉಳಿಸುವ ಕೆಲಸವನ್ನು ಹೇಗೆ ಮಾಡಬೇಕು ಅನ್ನುವುದಕ್ಕೆ ಡಾನ್ ಬೈರನ್ ಸಿಗುತ್ತಾನೆ. ಕಪ್ಪು ಜನಾಂಗದ ಜಾಝ್ ಕ್ಲಾರಿನೆಟ್ ವಾದಕ. ಮಿಕ್ಕಿ ಕಾಟ್ಸ್ ಎಂಬ ಹಾಸ್ಯಗಾಯಕ, ಕ್ಲಾರಿನೆಟ್ ವಾದಕನನ್ನು ಜನ ಬರೀ ನಗೆಹಾಡಿನವನು ಅಂತ ಮರೆತಿದ್ದರು. ಬೈರನ್ ಅವನ ತಟ್ಟೆಗಳನ್ನು ಸ್ವರ ಸ್ವರ ಬಿಡಿಸಿ ಬರೆದುಕೊಂಡು 1993ರಲ್ಲಿ ಇಡೀ ಆಲ್ಬಂ ನುಡಿಸಿದ. ತಮಾಷೆಯನ್ನು ತಮಾಷೆಯಾಗಿ, ಸಂಗೀತವನ್ನು ಸಂಗೀತವಾಗಿ. ಯಹೂದಿ ಅಲ್ಲದವನು ಇದನ್ನು ಮುಟ್ಟಬಹುದೇ ಅನ್ನುವ ಪ್ರಶ್ನೆಗೆ ಅವನ ಕಿವಿಯೇ ಉತ್ತರ. ಸ್ಟಾಫ್ ನೊಟೇಶನ್ ಓದಬಲ್ಲವರಿಗೆ ಇನ್ನೊಂದು ಜಾಗವೂ ಇದೆ: ಕೀವ್‌ನ ವೆರ್ನಾಡ್ಸ್ಕಿ ಗ್ರಂಥಾಲಯದಲ್ಲಿರುವ ಹಳೆಯ ಕ್ಲೆಜ್ಮರ್ ಹಸ್ತಪ್ರತಿಗಳನ್ನು ಡಿಜಿಟಲ್ ನೊಟೇಶನ್ನಿಗೆ ಇಳಿಸುವ ಕೆಲಸವನ್ನು ಕ್ಲೆಜ್ಮರ್ ಇನ್‌ಸ್ಟಿಟ್ಯೂಟ್ 2020ರಲ್ಲಿ ಶುರುಮಾಡಿತು. ಹಲವು ದೇಶಗಳ ಸ್ವಯಂಸೇವಕರು ಮನೆಯಲ್ಲೇ ಕೂತು ಒಂದೊಂದು ಧಾಟಿಯಾಗಿ ಕೈಹಾಕಿದ ಕೆಲಸ ಅದು. ತಟ್ಟೆ ಕೇಳಲು ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಯಹೂದಿ ಧ್ವನಿಸಂಗ್ರಹ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್ ಹುಡುಕಿ.

ಕಿವಿ ಎಷ್ಟು ಪಳಗಿದೆ ಅಂತ ಪರೀಕ್ಷೆ ಮಾಡಿಕೊಳ್ಳಲು ಒಂದು ದಾರಿ ಇದೆ. 1956ರ ಗುಡ್‌ಮನ್ ಜೀವನಚಿತ್ರದಲ್ಲಿ ಈ ಹಾಡು ಬರುತ್ತದೆ. ತೆರೆಯ ಮೇಲೆ ಟ್ರಂಪೆಟ್ ಹಿಡಿದು ನಿಂತವನು ಎಲ್ಮನ್ನೇ. ಕೇಳಿಸುವುದು ಅವನ ಉಸಿರಲ್ಲ. ಅಷ್ಟೊತ್ತಿಗೆ ಅವನ ಆರೋಗ್ಯ ಕೈಕೊಟ್ಟಿತ್ತು, ಹಿಂದಿನಿಂದ ನುಡಿಸಿದವನು ಮ್ಯಾನಿ ಕ್ಲೈನ್. ಕ್ಲೈನ್ ಕೂಡ ಯಹೂದಿಯೇ, ಮಿಕ್ಕಿ ಕಾಟ್ಸ್ ಬ್ಯಾಂಡಿನಲ್ಲಿ ಫ್ರೈಲೆಖ್ ಅರೆದು ಕುಡಿದವನು. 1939ರದ್ದನ್ನೂ ಇದನ್ನೂ ಒಂದರ ಹಿಂದೊಂದು ಹಾಕಿ, ಕಣ್ಣು ಮುಚ್ಚಿ, ಸ್ವರದ ಬಾಲ ಮಾತ್ರ ಕೇಳಿ.